ಹದಿಮೂರನೆಯ ಮಷೀನ್

ಟಕ್, ಟಕ್, ಟಕ್. ಉತ್ತರ ಕೊಡದ ಪರದೆಗಳ ಮುಂದೆ ಇಬ್ಬರು ಹುಡುಗಿಯರು ಮೌಸ್ ಒತ್ತುತ್ತಲೇ ಇದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ರಿಟೈರ್ ಆದ ಮೇಲೆ ಬೈಲಹೊಂಗಲದ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಲ್ಯಾಬ್ ನೋಡಿಕೊಳ್ಳುತ್ತಿದ್ದವಳು ಮುನವಳ್ಳಿಯವಳು, ಟೆಂಪರರಿ. ಆ ದಿನ ಹುಡುಗಿಯರಿಗೆ ಕಂಪ್ಯೂಟರ್ ಪರೀಕ್ಷೆ. ಅದು ಸುಸೂತ್ರವಾಗಿ ಮುಗಿದರೆ ಕೆಲಸ ಪರ್ಮನೆಂಟ್ ಎಂದು ಪ್ರಿನ್ಸಿಪಾಲರು ಅವಳಿಗೆ ಮಾತು ಕೊಟ್ಟಿದ್ದರು. ಒಂದೇ ಸರ್ವರಿನೊಳಗೆ ಹುಡುಗಿಗೊಂದರಂತೆ ಹನ್ನೆರಡು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರಿನಲ್ಲೇ ನಡೆಯುವ ಕಂಪ್ಯೂಟರುಗಳನ್ನು, ಮಾಡಿಟ್ಟಿದ್ದಳು. ಹಿಂದಿನ ದಿನ ಅವಳು ಸವದತ್ತಿಗೆ ಹೋದಾಗ ಪರೀಕ್ಷೆಯ ಪಟ್ಟಿಗೆ ಕಟಕೋಳದ ಹುಡುಗಿಯೊಬ್ಬಳ ಹೆಸರು ಸೇರಿತು. ಲ್ಯಾಬಿನವಳ ನೋಟ್‌ಬುಕ್ ನೋಡಿಕೊಂಡು ನಾನೇ ಒಂದನ್ನು ನಕಲು ಮಾಡಿ ಹದಿಮೂರನೆಯದನ್ನು ತಯಾರಿಸಿದೆ. ಐ ವಾಸ್ ಸೋ ಪ್ರೌಡ್!

ಪರೀಕ್ಷೆ ಶುರುವಾದೊಡನೆ ಎರಡು ಮಷೀನುಗಳ ನೆಟ್‌ವರ್ಕ್ ಕುಂಟುತ್ತಿತ್ತು.

"ಏನವಾ, ನಿನ್ನ ಕಂಪ್ಯೂಟರಿಗೆ ಇನ್ನೂ ನಾಷ್ಟಾ ಆಗಿಲ್ಲೇನ?" ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು.

ಲ್ಯಾಬಿನವಳು ನನ್ನ ಬಳಿ ಬಂದಳು. "ಅಕ್ಕೋರ, ಹೊಸಾದು ಚಾಲೂ ಮಾಡುವಾಗ ಒಂದು ಪ್ರಶ್ನೆ ಕೇಳಿರತೈತಿ. ಜಾಗಾ ಬದಲಿಸೀರೇನು, ಕಾಪಿ ಮಾಡೀರೇನು ಅಂತ. ಕಾಪಿ ಅಂತ ಒತ್ತೀರಿಲ್ಲೋ?"

"ಆಫ್‌ಕೋರ್ಸ್! ಇಂಗ್ಲಿಷ್ ಓದಾಕ ಬರೂದಿಲ್ಲೇನ ನನಗ?"

ನಿಜವೆಂದರೆ, ಪ್ರಶ್ನೆಯನ್ನು ಪೂರ್ತಿ ಓದದೆ ಮೊದಲು ಕಂಡದ್ದನ್ನು ಒತ್ತಿದ್ದೆ.

ಅವಳು ನಂಬಿದಳು. ನಂಬಿದ್ದರಿಂದಲೇ ತಪ್ಪನ್ನು ಬೇರೆ ಕಡೆ ಹುಡುಕಿದಳು. ಕೇಬಲ್ ಬದಲಿಸಿದಳು, ಎಲ್ಲವನ್ನೂ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಆರಿಸಿ ಹಚ್ಚಿದಳು. ಅದರಿಂದ ಉಳಿದ ಹನ್ನೊಂದೂ ಒಮ್ಮೆ ನಿಂತು, ಹುಡುಗಿಯರು ಗದ್ದಲ ಎಬ್ಬಿಸಿದರು. ನಲವತ್ತು ನಿಮಿಷ ಹೋಯಿತು. ನಾನು ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಆ ಎರಡರಲ್ಲಿ ಒಂದನ್ನು ನಿಲ್ಲಿಸಿದಳು. ತಕ್ಷಣ ಇನ್ನೊಂದು ಸರಾಗ ಓಡಿತು. ಸೆಟಿಂಗ್ಸ್ ತೆರೆದರೆ ಎರಡಕ್ಕೂ ಒಂದೇ ನೆಟ್‌ವರ್ಕ್ ವಿಳಾಸ; ಒಂದಕ್ಕೆ ಬಂದ ಉತ್ತರ ಇನ್ನೊಂದಕ್ಕೆ ಹೋಗುತ್ತಿತ್ತು. ಕಾಪಿ ಎಂದು ಒತ್ತಿದ್ದರೆ ಹೊಸ ವಿಳಾಸ ತಾನೇ ಸಿಗುತ್ತಿತ್ತು.

ಅವಳು ಒಮ್ಮೆ ನನ್ನತ್ತ ನೋಡಿದಳು. ವಿಳಾಸ ಬದಲಿಸಿದಳು. ಟಕ್ ಟಕ್ ನಿಂತಿತು.

"ಯಾರ ತಪ್ಪಿದು?" ಪ್ರಿನ್ಸಿಪಾಲರು ಕೇಳಿದರು.

"ನಂದ ರೀ ಸರ. ನಾ ನೋಡಬೇಕಿತ್ತು."

ನಾನು ಕನ್ನಡಕ ಒರೆಸುತ್ತ ಕುಳಿತೆ. ಪರ್ಮನೆಂಟ್ ಮಾತು ಮತ್ತೆ ಯಾರೂ ಎತ್ತಲಿಲ್ಲ. ತಿಂಗಳ ಕೊನೆಗೆ ಅವಳ ಟೆಂಪರರಿಯೂ ಮುಗಿಯಿತು.

ಕೊನೆಯ ಸಲ ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ. ಹೇಳಿಯೇ ಬಿಡಬೇಕೆಂದು ಹೋಗಿದ್ದೆ. "ಅವತ್ತ ನಾನು..." ಎಂದೆ.

"ಗೊತ್ತೈತ್ರಿ ಅಕ್ಕೋರ. ಬಿಸಲಾಗ ನಿಂದರಬ್ಯಾಡ್ರಿ, ಮನಿಗೆ ಹೋಗ್ರಿ."

ಮುನವಳ್ಳಿ ಬಸ್ಸು ಬಂತು. ಬಾಗಿಲಲ್ಲಿ ನೂಕುನುಗ್ಗಲು. ಅವಳು ಚೀಲವನ್ನು ಎದೆಗೆ ಅವಚಿಕೊಂಡು ಹತ್ತಿದಳು.