ಎರಡನೆಯ ಡಬ್ಬಿ

ಆ ಬೇಸಗೆಯಲ್ಲಿ ನನಗೆ ಬೇಡವೇ ಬೇಡ ಎನಿಸಿದ್ದು ಒಂದೇ, ಕಾದು ಕೂರುವುದಕ್ಕೆ ಇನ್ನೊಂದು ಜಾಗ. ಸೋಮವಾರ, ಬುಧವಾರ, ಶುಕ್ರವಾರ ಹೆಂಡತಿಯನ್ನು ಡಯಾಲಿಸಿಸ್‌ಗೆಂದು ಪೈವಳಿಕೆಯಿಂದ ಮಂಗಳೂರಿಗೆ ಕರೆದುಕೊಂಡು ಹೋಗಿ, ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತು ಬರುತ್ತಿದ್ದೆ. ಹಾಗಿರುವಾಗಲೇ ಕಾರಿನ ಏಸಿ ಕೈಕೊಟ್ಟಿತು. ಉಪ್ಪಳದ ಮೆಕ್ಯಾನಿಕ್ ಒಂದು ದಿನ ಗಾಡಿ ಇಲ್ಲೇ ನಿಲ್ಲಿಸಬೇಕು ಎಂದರು. ಉಳಿದ ದಿನಗಳಲ್ಲೂ ಮತ್ತೊಂದು ಬೆಂಚಿನ ಮೇಲೆ ಕೂರುವ ತ್ರಾಣ ನನ್ನಲ್ಲಿರಲಿಲ್ಲ.

ಏಸಿ ನಮಗೆ ಶೋಕಿಯ ವಸ್ತುವಲ್ಲ. ಅವಳಿಗೆ ಡಾಕ್ಟರು ಕೊಟ್ಟ ಲೆಕ್ಕ ದಿನಕ್ಕೆ ಮುಕ್ಕಾಲು ಲೀಟರ್ ನೀರು. ಬೆಳಿಗ್ಗೆ ಅಳೆದು ಫ್ಲಾಸ್ಕಿಗೆ ಹಾಕಿದರೆ ರಾತ್ರಿಯವರೆಗೆ ಅದರಲ್ಲೇ ಸುಧಾರಿಸಬೇಕು. ಸೆಕೆಯಲ್ಲಿ ಕೂತರೆ ದಾಹವಾಗುತ್ತದೆ, ಕುಡಿದರೆ ಕಾಲು ಊದಿ ಉಸಿರು ಕಟ್ಟುತ್ತದೆ. ಗಾಜು ಇಳಿಸೋಣವೆಂದರೆ ಹೈವೇ ಕೆಲಸದ ಧೂಳಿಗೆ ಅವಳಿಗೆ ಕೆಮ್ಮು ಹತ್ತುತ್ತಿತ್ತು.

ಕೊನೆಗೆ ಫೋನಿನಲ್ಲಿ ಮಲಯಾಳಂ ವೀಡಿಯೊ ನೋಡಿ, ಏಸಿಗೆ ತುಂಬುವ ಎರಡು ಡಬ್ಬಿ ಗ್ಯಾಸ್ ಮತ್ತು ಮೀಟರ್ ಇದ್ದ ಒಂದು ಪೈಪನ್ನು ತರಿಸಿದೆ. ಶನಿವಾರ ಅಂಗಳದಲ್ಲೇ ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ಏಸಿಯನ್ನು ಪೂರ್ತಿ ತಿರುಗಿಸಿ ಪೈಪು ಸಿಕ್ಕಿಸಿದೆ. ಅವಳು ಮುಂದಿನ ಸೀಟಿನಲ್ಲಿ ಕೂತು ಏಸಿಯ ಗಾಳಿಗೆ ಕೈ ಒಡ್ಡಿದ್ದಳು. ಒಂದು ಡಬ್ಬಿ ಖಾಲಿಯಾಗುವಷ್ಟರಲ್ಲಿ ಮೀಟರಿನ ಮುಳ್ಳು ಹಸಿರು ಗೆರೆಗೆ ಬಂತು. ಸ್ವಲ್ಪ ತಂಪಾಗಿದೆ ಎಂದಳು. ವೀಡಿಯೊದವನು ಇಲ್ಲಿಗೆ ನಿಲ್ಲಿಸಿ ಎಂದೇ ಹೇಳಿದ್ದ.

ನಾನು ನಿಲ್ಲಿಸಲಿಲ್ಲ. ಅಡಿಕೆಗೆ ಮದ್ದು ಬಿಟ್ಟು ಪಳಗಿದ ಕೈ ನನ್ನದು. ಗೊನೆಗೆ ಮದ್ದು ಮುಟ್ಟದಿದ್ದರೆ ಪಂಪಿನ ಪ್ರೆಶರ್ ಏರಿಸುವುದು, ಅದು ಬಿಟ್ಟರೆ ಬೇರೆ ವಿದ್ಯೆ ನಮಗೆ ಗೊತ್ತಿಲ್ಲ. ಸ್ವಲ್ಪ ಗ್ಯಾಸಿಗೇ ಇಷ್ಟು ತಂಪಾದರೆ ಹೆಚ್ಚು ಹಾಕಿದರೆ ಇನ್ನೂ ತಂಪಾಗಬೇಕಲ್ಲ ಎಂದುಕೊಂಡು ಎರಡನೆಯ ಡಬ್ಬಿಯನ್ನೂ ಹಾಕಿದೆ. ಮುಳ್ಳು ಕೆಂಪಿಗೆ ಹೋಯಿತು. ಬೆವರು ಒರೆಸಿಕೊಂಡು, ಈಗ ಹೇಗುಂಟು ಎಂದು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ತಂಪುಂಟು," ಎಂದಳು. "ಸಾಕು, ಇನ್ನು ಕೈ ತೊಳೆದುಕೊಳ್ಳಿ."

ಇಂಜಿನ್ ಆಫ್ ಮಾಡುವ ಮೊದಲು ನಾನೂ ಗಾಳಿಗೆ ಕೈ ಒಡ್ಡಿ ನೋಡಿದೆ. ತಂಪೇನೂ ಇರಲಿಲ್ಲ, ಇದ್ದದ್ದೂ ಹೋಗಿತ್ತು. ಆದರೆ ಅವಳು ಹೇಳಿದ ಸುಳ್ಳು ನನಗೂ ಬೇಕಾಗಿತ್ತು. ಸುಸ್ತಾದವನಿಗೆ ಹಾಸಿಗೆ ಯಾವುದಾದರೇನು, ಆ ಸುಳ್ಳಿನ ಮೇಲೆಯೇ ಮಲಗಿದೆ.

ಸೋಮವಾರ ಬಿಸಿಲು ಏರಿದ ಮೇಲೆ ಹೊರಟೆವು. ಉಪ್ಪಳ ದಾಟುವಾಗಲೇ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಮಾತ್ರ ಚಳಿಯಾದವಳಂತೆ ಶಾಲು ಹೊದ್ದು ಕೂತಿದ್ದಳು. ಆಸ್ಪತ್ರೆಯವರೆಗೂ ಇಬ್ಬರೂ ಏಸಿಯ ಸುದ್ದಿ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಮಷಿನ್ ಹಾಕುವ ಮೊದಲು ತೂಕ ನೋಡುವುದು ಕ್ರಮ. ಇವತ್ತು ಮೈಯಲ್ಲಿ ನೀರು ಹೆಚ್ಚಾಗಿದೆಯಲ್ಲ ಎಂದು ನರ್ಸ್ ಗದರಿದರು. ಅವಳು ತಲೆ ತಗ್ಗಿಸಿ ನಿಂತಳು. ಅವಳನ್ನು ಒಳಗೆ ಬಿಟ್ಟು ಕಾರಿಗೆ ಬಂದು ಸೀಟಿನ ಕೆಳಗಿನ ಫ್ಲಾಸ್ಕ್ ಎತ್ತಿದೆ. ಇಡೀ ದಿನದ ನೀರು ದಾರಿಯಲ್ಲೇ ಮುಗಿದಿತ್ತು. ಪಕ್ಕದಲ್ಲೇ ಕೂತು ಕುಡಿದದ್ದನ್ನು ನಾನು ನೋಡಿರಲಿಲ್ಲ, ಅಥವಾ ನೋಡದಂತೆ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಂದು ಸಂಜೆಯವರೆಗೆ ನಾನೂ ನೀರು ಕುಡಿಯಲಿಲ್ಲ. ಅದರಿಂದ ಅವಳಿಗೇನು ಪ್ರಯೋಜನ?

ಮರುದಿನ ಬಾಯಿ ಮುಚ್ಚಿಕೊಂಡು ಉಪ್ಪಳದ ಬೆಂಚಿನ ಮೇಲೆ ಕೂತೆ. ಮೆಕ್ಯಾನಿಕ್ ಏಸಿಯೊಳಗಿದ್ದ ಗ್ಯಾಸನ್ನೆಲ್ಲ ತೆಗೆದು, ಸೋರುತ್ತಿದ್ದ ಜಾಗ ಸರಿಮಾಡಿ, ಹೊಸದನ್ನು ಅಳೆದು ಹಾಕಿದರು.

"ಇದು ಮದ್ದು ಬಿಡುವ ಪಂಪಲ್ಲ ಮಾರಾಯ್ರೆ," ಎಂದರು, ನನ್ನ ಅಡಿಕೆ ತೋಟ ಅವರಿಗೆ ಗೊತ್ತು. "ಗ್ಯಾಸ್ ತೂಕ ನೋಡಿ ಹಾಕುವುದು. ಹೆಚ್ಚಾದರೂ ತಂಪಾಗುವುದಿಲ್ಲ."

ತೂಕದ ಮಾತನ್ನು ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬುಧವಾರ ಉಪ್ಪಳ ದಾಟಿದ ಮೇಲೆ ಅವಳು, ಸ್ವಲ್ಪ ಕಡಿಮೆ ಮಾಡಿ, ಚಳಿಯಾಗುತ್ತದೆ ಎಂದಳು. ನಂಬಲೋ ಬೇಡವೋ ತಿಳಿಯದೆ ಕಾರನ್ನು ಬದಿಗೆ ನಿಲ್ಲಿಸಿದೆ. ಶಾಲಿನೊಳಗಿಂದ ಅವಳ ಕೈ ತೆಗೆದು ಹಿಡಿದುಕೊಂಡೆ. ತಣ್ಣಗಿತ್ತು. ಫ್ಲಾಸ್ಕನ್ನೂ ಎತ್ತಿ ನೋಡಿದೆ, ಭಾರವಾಗಿತ್ತು.