ಈರುಳ್ಳಿ ಹೊಗದ ಮನೆಯ ನಾಯಿ

ವರ್ಷಕ್ಕೊಮ್ಮೆ ನಮ್ಮ ನಾಯಿಯ ರಕ್ತ ತೆಗೆದು ಮಹಾಪೆಯ ಲ್ಯಾಬೊಂದರ ಫ್ರೀಜರಿನಲ್ಲಿ ಇಡುತ್ತಿದ್ದರು. ನಾಯಿಗಳಿಗೆ ಕಾಯಿಲೆ ಹೇಗೆ ಶುರುವಾಗುತ್ತದೆ ಅಂತ ವರ್ಷಗಟ್ಟಲೆ ನೋಡುವ ಕೆಲಸವಂತೆ. ತಪಾಸಣೆ ಪುಕ್ಕಟೆ ಅಂತ ನನ್ನ ಗಂಡ ಒಪ್ಪಿಬಿಟ್ಟರು. ನನಗೆ ಮೊದಲಿಂದಲೂ ಡೌಟು. ಈ ಊರಲ್ಲಿ ಪುಕ್ಕಟೆ ಯಾರು ಎಂತ ಕೊಡ್ತಾರೆ ಮಾರಾಯ್ರೆ?

ಈ ಸಲದ ರಕ್ತ ನೋಡಿ ಲ್ಯಾಬಿನ ಡಾಕ್ಟರಮ್ಮ ಘಣಸೋಲಿಯ ನಮ್ಮ ಮನೆಗೇ ಬಂದರು. ನಾಯಿ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತಿತ್ತು, ಒಸಡು ಬಿಳಿಚಿತ್ತು. ರಕ್ತ ಕಡಿಮೆಯಾಗುತ್ತಾ ಬಂದಿದೆ, ಹೀಗೇ ಬಿಟ್ಟರೆ ಉಳಿಯುವುದಿಲ್ಲ ಅಂದರು. ಈರುಳ್ಳಿ ತಿಂದ ನಾಯಿಗಳ ರಕ್ತ ಹೀಗಾಗುತ್ತದಂತೆ. ಯಾರು ಹಾಕುತ್ತಿದ್ದೀರಿ ಅಂತ ಕೇಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮರಾಠಿ ಊರಿಗೆ ಬಂದರೂ ಉಡುಪಿ ಕಡೆಯ ಮಡಿಯ ಮನೆ ನಮ್ಮದು. ಮಾವ ದಿನಾ ಪೂಜೆ ಮಾಡದೆ ನೀರು ಮುಟ್ಟುವವರಲ್ಲ. ಈರುಳ್ಳಿ, ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದೇ ಇಲ್ಲ, ನಾಯಿಗೂ ಮೊಸರನ್ನವೇ. ಬೇರೆ ಯಾವುದೋ ನಾಯಿಯ ರಕ್ತವನ್ನು ನಮ್ಮದರ ತಲೆಗೆ ಕಟ್ಟುತ್ತಿದ್ದೀರಿ ಅಂತ ಮುಖಕ್ಕೇ ಹೇಳಿದೆ.

ಆಕೆ ಸಿಟ್ಟಾಗಲಿಲ್ಲ. ಹಳೆಯ ರಕ್ತವನ್ನೆಲ್ಲ ತೆಗೆದು ಹೋಲಿಸಿ ನೋಡಿದ್ದರಂತೆ. ಶುರುವಿನ ವರ್ಷಗಳದ್ದು ಚೆನ್ನಾಗಿತ್ತು, ಕೆಟ್ಟಿದ್ದು ಎರಡು ವರ್ಷದಿಂದ.

ನಾನು ಕೆಲಸದವಳನ್ನು ನೆನೆದೆ, ವಾಚ್‌ಮನ್‌ನನ್ನು ನೆನೆದೆ, ಗಂಡನ ಮುಖವನ್ನೂ ದುರುಗುಟ್ಟಿ ನೋಡಿದೆ. ಆದರೆ ಎರಡು ವರ್ಷದ ಹಿಂದೆ ಮನೆಯಲ್ಲಿ ಆದದ್ದು ಒಂದೇ. ಅತ್ತೆ ತೀರಿಕೊಂಡರು. ಆಮೇಲೆ ಬೆಳಿಗ್ಗೆ ನಾಯಿಯನ್ನು ತಿರುಗಾಡಿಸುವುದು ಮಾವನ ಕೆಲಸವಾಯಿತು. ತಿರುಗಿ ನೋಡಿದರೆ ಅವರು ಶಲ್ಯದಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಸ್ಟೇಷನ್ ಹತ್ತಿರ ಕಾಂದಾಭಜಿ ಗಾಡಿ ಉಂಟು, ಈರುಳ್ಳಿ ಬಜ್ಜಿಯದ್ದು," ಅಂದರು ಮಾವ. "ಅವಳು ಹೋದ ಮೇಲೆ ಒಬ್ಬನೇ ಕೂತು ತಿನ್ನಲಿಕ್ಕೆ ಆಗುವುದಿಲ್ಲ ನನಗೆ. ಅರ್ಧ ಇದಕ್ಕೆ ಕೊಡುತ್ತಿದ್ದೆ."

ನಾಯಿ ಅವರ ಕಾಲ ಬುಡದಲ್ಲೇ ಮಲಗಿತ್ತು.

ಔಷಧಿ, ಪಥ್ಯ ಅಂತ ನಾಯಿ ಚೇತರಿಸಿಕೊಂಡಿತು. ಮಾವನ ಮೇಲೆ ನನಗೆ ನಂಬಿಕೆಯಿರಲಿಲ್ಲ, ಹಾಗಾಗಿ ನಾಯಿಯ ಹಗ್ಗ ಹಿಡಿದು ನಾನೂ ಜೊತೆಗೆ ಹೊರಟೆ. ಗಾಡಿ ಹತ್ತಿರವಾದಾಗ ಅವರು ಆ ಕಡೆ ನೋಡದೆ ನಡೆದರು. ಬೇಕಾದರೆ ತಿನ್ನಿ ಅಂದೆ. ಬೇಡ ಮಗಾ ಅಂದರು.

ಹಾಳಾಗಿ ಹೋಗಲಿ ಅಂತ ಒಂದು ಪ್ಲೇಟ್ ತೆಗೆದುಕೊಂಡು ಅರ್ಧ ಅವರ ಕೈಗಿಟ್ಟು ಅರ್ಧ ನಾನು ತಿಂದೆ.