ಇಲ್ಲ ಎನ್ನದ ಪೆಟ್ಟಿಗೆ

ಬನ್ನಿಮಂಟಪದ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಹನ್ನೊಂದು ವರ್ಷ ಕಂಪ್ಯೂಟರ್ ನೋಡಿಕೊಳ್ಳುವವನಾಗಿದ್ದೆ. ನೋಡಿಕೊಳ್ಳುವುದು ಎಂದರೆ ಊರ ಉಸಾಬರಿಯೆಲ್ಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಪ್ರಾಂಶುಪಾಲರ ಕೋಣೆಯ ಫ್ಯಾನು ತಿರುಗದಿದ್ದರೂ ನಾನೇ. ಎರಡು ಸಾವಿರನೇ ಇಸವಿಯ ಆಚೆಗೆ ಇಂಟರ್ನೆಟ್ಟೂ ಬಂತು. ಇಡೀ ಕಾಲೇಜಿಗೆ ಒಂದೇ ಸಣಕಲು ಲೈನು. ಯಾರೋ ಒಬ್ಬರು ಸಿನಿಮಾ ಹಾಡು ಇಳಿಸಿಕೊಳ್ಳಲು ಕೂತರೆ ಉಳಿದವರಿಗೆಲ್ಲ ಉಪವಾಸ.

ಅದಕ್ಕೆ ಹಳೆಯ ಕಂಪ್ಯೂಟರೊಂದನ್ನು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿಟ್ಟು ಫೈರ್‌ವಾಲ್ ಮಾಡಿದೆ. ಒಳಗಿನ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಕೂತು, ಯಾವುದನ್ನು ಬಿಡಬೇಕು ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲಿನ ಪೆಟ್ಟಿಗೆ ಅದು. ನಿಯಮಗಳನ್ನು ಒಂದರ ಕೆಳಗೊಂದು ನಾವೇ ಬರೆಯಬೇಕು. ಪ್ರತಿ ನಿಯಮದ ಕೊನೆಗೆ ಏನು ಮಾಡಬೇಕೆಂಬ ಅಪ್ಪಣೆ ಇರಬೇಕು: ಬಿಡು, ಇಲ್ಲ ಎಂದು ಹೇಳಿ ಕಳಿಸು, ಅಥವಾ ಏನೂ ಹೇಳದೆ ಎಸೆದುಬಿಡು. ನಾನು ಎರಡನೆಯದನ್ನು ಹಾಕಿದೆ. ಕಚೇರಿಯ ಹೊತ್ತಿನಲ್ಲಿ, ಕಾಲೇಜಿಗೆ ಬೇಕಾದ ಮೂವತ್ತು ವೆಬ್‌ಸೈಟು ಬಿಟ್ಟು ಬೇರೇನು ಕೇಳಿದರೂ 'ಅನುಮತಿ ಇಲ್ಲ' ಎಂದು ಪರದೆಯ ಮೇಲೆ ಬರುತ್ತಿತ್ತು.

ಮೂರನೆಯ ದಿನವೇ ಹಿರಿಯ ಪ್ರೊಫೆಸರೊಬ್ಬರು ಸಂಸ್ಥೆಯ ಕಾರ್ಯದರ್ಶಿಗಳ ಹತ್ತಿರ ಹೋದರು. "ಇಪ್ಪತ್ತೈದು ವರ್ಷ ಪಾಠ ಮಾಡಿದೀನಿ, ನಿನ್ನೆ ಬಂದ ಡಬ್ಬ ನಂಗೆ ಅನುಮತಿ ಇಲ್ಲ ಅನ್ನುತ್ತೆ" ಎಂದು ದೂರು. ಕಾರ್ಯದರ್ಶಿಗಳು ಮಂಡಿ ಮೊಹಲ್ಲಾದಲ್ಲಿ ಸಗಟು ಬೆಲ್ಲದ ವ್ಯಾಪಾರಿ, ಮಠದ ಕಡೆಯವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಬಹುವಚನ. ನನ್ನನ್ನು ಕರೆಸಿ, ಕೂರಿಸಿ, ಕಾಫಿ ತರಿಸಿದರು. ಅವರು ಕಾಫಿ ತರಿಸಿದರೆ ಕೆಲಸ ಹೆಚ್ಚಿತೆಂದೇ ಅರ್ಥ.

"ನೋಡಿ, ನಮ್ಮ ಅಪ್ಪಾಜಿ ಕಾಲದಿಂದ್ಲೂ ಅಂಗಡೀಲಿ ಇಲ್ಲ ಅನ್ನೋ ಮಾತೇ ಆಡಲ್ಲ. ಮಾಲು ಇಲ್ದಿದ್ರೂ, ಸಂಜೆ ಬರುತ್ತೆ, ಬನ್ನಿ ಅಂತೀವಿ. ಗಿರಾಕಿಗೆ ಅರ್ಥವಾಗುತ್ತೆ, ಬೇಜಾರೂ ಆಗಲ್ಲ. ನಿಮ್ಮ ಮಿಷನ್‌ಗೂ ಅಷ್ಟು ಮರ್ಯಾದೆ ಕಲಿಸ್ಬುಡಿ ಕಣ್ರೀ."

ಮಿಷನ್ನಿಗೆ ಮರ್ಯಾದೆ ಕಲಿಸಲು ದಾರಿಯೇನೋ ಇತ್ತು. ಇರುವ ಮೂರು ಅಪ್ಪಣೆ ಸಾಲದಿದ್ದರೆ ನಾಲ್ಕನೆಯದನ್ನು ನಾವೇ ಕಟ್ಟಬಹುದು. ಅದಕ್ಕೊಂದು ಹೆಸರಿಟ್ಟು, ಹೆಸರಿನ ಕೆಳಗೆ ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಟ್ಟರೆ, ಆಮೇಲೆ ಯಾವ ನಿಯಮದ ಕೊನೆಗಾದರೂ ಆ ಹೆಸರೊಂದನ್ನು ಹಾಕಿದರೆ ಸಾಕು. ನಾನು ಇಂಗ್ಲಿಷ್ ಅಕ್ಷರದಲ್ಲಿ 'ಮರ್ಯಾದೆ' ಎಂದೇ ಹೆಸರಿಟ್ಟು, 'ಇಲ್ಲ ಎಂದು ಹೇಳಿ ಕಳಿಸು' ಇದ್ದ ಕಡೆಯೆಲ್ಲ ಅದನ್ನೇ ಹಾಕಿದೆ. ಅದಕ್ಕೆ ಎರಡು ಕೆಲಸ. ಮೊದಲು, ಯಾವ ಕಂಪ್ಯೂಟರು ಎಷ್ಟು ಹೊತ್ತಿಗೆ ಏನು ಕೇಳಿತು ಎಂದು ದಾಖಲೆಯಲ್ಲಿ ಬರೆದುಕೊಳ್ಳಬೇಕು. ಆಮೇಲೆ, ಕೇಳಿದ ಪುಟದ ಬದಲು ನಾನು ಮಾಡಿಟ್ಟ ಪುಟ ತೋರಿಸಬೇಕು: 'ದಟ್ಟಣೆ ಹೆಚ್ಚಾಗಿದೆ. ದಯವಿಟ್ಟು ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.' ಆಗ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲ, ಚಿತ್ರ ಮಾಡಿ ಅಂಟಿಸಿದೆ. ಶುದ್ಧ ಸುಳ್ಳು, ಮೂಗಿಗೆ ತುಪ್ಪ ಸವರುವ ಕೆಲಸ. ಆದರೆ ಜಗಳ ನಿಂತಿತು. ಮೇಷ್ಟರುಗಳೆಲ್ಲ ಈ ಊರಿನ 'ಸಂಜೆ ಬನ್ನಿ' ಕೇಳಿ ಪಳಗಿದವರು. "ನಿನ್ನ ಡಬ್ಬ ಇವತ್ತೂ ಆಮೇಲೆ ಬಾ ಅಂತು ಕಣಯ್ಯ" ಎಂದು ನಗುತ್ತಿದ್ದರು. ದಾಖಲೆ ದಿನಕ್ಕೆ ನೂರಾರು ಸಾಲು ಬೆಳೆಯುತ್ತಿತ್ತು. ಮೊದಮೊದಲು ಓದಿದೆ. ಆಮೇಲೆ ಸಾಕಾಗಿ ಬಿಟ್ಟೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಕಚೇರಿಗೆ ಟೈಪಿಸ್ಟಾಗಿ ಒಬ್ಬಾಕೆ ಸೇರಿದಳು. ಊರಂಚಿನ ಕೆಸರೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹಳ್ಳಿ ಬಿಟ್ಟು ಬಂದ ಮನೆ. ಆ ಮನೆಯಲ್ಲಿ ಬಿ.ಎಡ್. ತನಕ ಓದಿದವಳು ಆಕೆ ಒಬ್ಬಳೇ. ಒಂದು ದಿನ ಆಕೆಯ ಕೀಬೋರ್ಡ್ ಸರಿಮಾಡುತ್ತಿದ್ದಾಗ ಹೇಳಿದಳು: "ಸರ್ಕಾರಿ ಶಾಲೆ ಟೀಚರ್ ಕೆಲ್ಸಕ್ಕೆ ಅರ್ಜಿ ಕರೆದವ್ರೆ ಸಾರ್. ಅರ್ಜೀನ ಕಂಪ್ಯೂಟರ್‌ನಲ್ಲೇ ತುಂಬ್ಬೇಕಂತೆ. ಈ ಸಲ ಬುಟ್ರೆ ನಂಗೆ ವಯಸ್ಸು ಮೀರೋಯ್ತದೆ."

"ತುಂಬಮ್ಮ, ಆಫೀಸಲ್ಲೇ ನೆಟ್ ಇದೆಯಲ್ಲ" ಎಂದೆ. ಅಂದವನು ನಾನೇ. ಆ ವೆಬ್‌ಸೈಟಿನ ಹೆಸರನ್ನು ಪೆಟ್ಟಿಗೆಯ ನಿಯಮಕ್ಕೆ ಸೇರಿಸಬೇಕೆಂದು ಮಾತ್ರ ಹೊಳೆಯಲಿಲ್ಲ. ಕೀಬೋರ್ಡ್ ಸರಿಯಾಯಿತು, ಮುಂದಿನ ಕೋಣೆಗೆ ಹೋದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಅರ್ಜಿ ಹಾಕಿದೆಯಾ ಎಂದು ಕೇಳಿದೆ.

"ನಿನ್ನೆಗೆ ಮುಗ್ದೋಯ್ತು ಸಾರ್, ಆಗ್ಲಿಲ್ಲ. ಆ ವೆಬ್‌ಸೈಟು ಯಾವಾಗ ನೋಡುದ್ರೂ ರಶ್ಶು. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ, ಅಂತಾನೇ ಬರೋದು. ನಿಮ್ಗೆ ಹೇಳಾನ ಅಂದ್ಕೊಂಡೆ. ರಶ್ಶಿದ್ರೆ ನೀವಾದ್ರೂ ಏನ್ಮಾಡೀರಿ ಅಂತ ಸುಮ್ನಾದೆ."

ನೇರ ನನ್ನ ಕೋಣೆಗೆ ಬಂದು ದಾಖಲೆ ತೆಗೆದೆ. ಎಲ್ಲವೂ ಇತ್ತು. ಆಕೆಯ ಕಂಪ್ಯೂಟರಿನ ಸಂಖ್ಯೆ, ಆ ವೆಬ್‌ಸೈಟಿನ ಹೆಸರು, ಹೊತ್ತು. ಮೊದಲ ದಿನ ಮೂರು ಸಲ. ಆಮೇಲೆ ದಿನಕ್ಕೆ ಏಳೆಂಟು ಸಲ, ಊಟದ ಬಿಡುವಿನಲ್ಲಿ ಹೆಚ್ಚು. ಕೊನೆಯ ದಿನ ಮಧ್ಯಾಹ್ನದಿಂದ ಐದೈದು ನಿಮಿಷಕ್ಕೊಂದು. ಸಂಜೆ ಐದಕ್ಕೆ ನಿಂತಿತ್ತು, ಆಕೆ ಬಸ್ಸು ಹಿಡಿಯುವ ಹೊತ್ತು. ಪೆಟ್ಟಿಗೆ ಎಲ್ಲರಿಗೂ ಎಲ್ಲವನ್ನೂ ಬಿಡುತ್ತಿದ್ದುದು ಐದೂವರೆಯಿಂದ. ಒಂದು ದಿನ, ಒಂದೇ ಒಂದು ದಿನ ನಾನು ಆ ಸಾಲುಗಳನ್ನು ಓದಿದ್ದರೆ ಆಗಿತ್ತು. ಅದನ್ನು ಬರೆದುಕೊಳ್ಳುವ ಏರ್ಪಾಡು ಮಾಡಿದ್ದೇ ನಾನು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹೋಗಿ ಹೇಳಿಬಿಟ್ಟೆ. ಅದು ವೆಬ್‌ಸೈಟಿನ ಮಾತಲ್ಲ, ನಾನು ಬರೆದದ್ದು, ಇಲ್ಲ ಅನ್ನುವುದನ್ನೇ ಹಾಗೆ ಬರೆದದ್ದು ಎಂದೆ. ಪೆಟ್ಟಿಗೆಯ ವಿಷಯ ಆಕೆಗೆ ಯಾರೂ ಹೇಳಿರಲಿಲ್ಲ, ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಳಲಿಲ್ಲ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು.

"ಇಲ್ಲ ಅಂತ್ಲೇ ಅನ್ಬುಡೋದಲ್ವಾ ಸಾರ್" ಎಂದಳು. "ಇಲ್ಲ ಅನ್ನಿಸ್ಕೊಳ್ಳೋದು ನಮ್ಗೇನ್ ಹೊಸ್ದಾ? ಇಲ್ಲ ಅಂದಿದ್ರೆ ಅವತ್ತೇ ಮಂಡಿ ಮೊಹಲ್ಲಾದ ಸೈಬರ್ ಸೆಂಟರ್‌ಗೆ ಹೋಗಿ ತುಂಬ್ಬುಡ್ತಿದ್ದೆ."

ತಪ್ಪಾಯಿತು ಅನ್ನಬೇಕೆಂದೇ ಬಾಯಿ ತೆರೆದೆ. ಬಂದ ಮಾತು ಬೇರೆ.

"ಹೋಗ್ಲಿ ಬುಡಮ್ಮ, ಮುಂದಿನ ಸಲ ನೋಡೋಣ."

ಆಕೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. "ಮುಂದಿನ ಸಲ ಇಲ್ಲ ಸಾರ್" ಎಂದು, ಪರದೆಯ ಮೇಲೆ ಅರ್ಧ ಟೈಪಾಗಿದ್ದ ಪತ್ರದ ಕಡೆ ತಿರುಗಿದಳು.